ಘಾಟು ಏರುವ ಗಳಿಗೆ

ಜ್ವರವೇನೋ ಬಿಟ್ಟಿತು, ಹೋಗುವಾಗ ಸಾಸಿವೆಯಕ್ಕನ ಮೂಗನ್ನೂ ಹೊತ್ತುಕೊಂಡು ಹೋಯಿತು. ಹುಳಿಸಾಸಿವೆ, ಅಂದರೆ ಬ್ರೆಡ್ಡಿಗೆ ಹಚ್ಚುವ ಸಾಸಿವೆ ಗೊಜ್ಜು, ಮಾಡಿ ಮಾರುವವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕೆ? ನಾಲಿಗೆಗೆ ಉಪ್ಪು ಗೊತ್ತಾಗುತ್ತಿತ್ತು, ಹುಳಿ ಗೊತ್ತಾಗುತ್ತಿತ್ತು. ಆದರೆ ಯಾವುದಕ್ಕಾಗಿ ಇಡೀ ಬೀದಿ ಖಾಲಿ ಬಾಟಲಿ ಹಿಡಿದು ಬರುತ್ತಿತ್ತೋ, ಆ ಘಾಟು ಮಾತ್ರ ಅವಳ ಪಾಲಿಗೆ ಇಲ್ಲವಾಗಿತ್ತು.

ಅರೆದ ಸಾಸಿವೆಗೆ ನೀರು ಬಿದ್ದರೆ ಘಾಟು ಮೆಲ್ಲಗೆ ಏಳುತ್ತದೆ. ಅದು ನೆತ್ತಿಗೇರುವ ಗಳಿಗೆಗೆ ಸರಿಯಾಗಿ ವಿನೆಗರ್ ಹೊಯ್ಯಬೇಕು. ಬೇಗ ಹೊಯ್ದರೆ ಸಪ್ಪೆ, ತಡವಾದರೆ ಬರೀ ಕಹಿ. ಗಡಿಯಾರ ನೋಡಬೇಡ, ಮೂಗು ಹೇಳಿದ್ದು ಕೇಳು ಎಂದು ಅತ್ತೆ ಕಲಿಸಿದ್ದಳು. ಕಣ್ಣಲ್ಲಿ ನೀರು ಬಂದಾಗ ಹೊಯ್ಯೋಣವೆಂದರೆ, ಕಾಯಿಲೆಯಾದ ಮೇಲೆ ಸುಮ್ಮನೆ ಕೂತರೂ ಕಣ್ಣು ತೊಟ್ಟಿಕ್ಕುತ್ತಿತ್ತು. ನಾದಿನಿಯನ್ನು ಪಾತ್ರೆಯ ಮುಂದೆ ನಿಲ್ಲಿಸಿ ನೋಡಿದಳು. ಅವಳು ಮುಚ್ಚಳ ತೆಗೆದಾಗಲೂ ಸೀನಿದಳು, ವಿನೆಗರ್ ಹೊಯ್ದ ಮೇಲೂ ಸೀನಿದಳು.

"ನನ್ನ ಮೂಗು ನಂಬ್ಕೊಂಡ್ರೆ ನೀವು ಕೆಟ್ರಿ ಅತ್ತಿಗೆ," ಎಂದು ಮೂಗೊರೆಸಿಕೊಂಡಳು.

ಕೊನೆಗೆ ಸಾಸಿವೆಯಕ್ಕ ಅಂದಾಜಿನ ಮೇಲೆ ಹೊಯ್ದಳು. ಬಂದವರೆಲ್ಲ ಚೆನ್ನಾಗಿದೆ ಎಂದರು. ಬ್ರೆಡ್ಡಿನಂಗಡಿಯವನಂತೂ ಜ್ವರ ಬಂದ ಮೇಲೆ ಕೈರುಚಿ ಹೆಚ್ಚಿದೆ ಎಂದ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಕೆಟ್ಟದ್ದನ್ನು ಜನರ ಬಾಯಿಗೆ ಹಾಕುತ್ತಿದ್ದೇನೆಯೋ ಏನೋ ಎಂಬುದು ಗೊತ್ತಾಗುವುದಾದರೂ ಹೇಗೆ?

ಒಂದು ಮಧ್ಯಾಹ್ನ ದರ್ಜಿ ಬಂದ. ಬೀದಿ ಅವನಿಗಿಟ್ಟ ಹೆಸರು ತಕರಾರು. ಒಮ್ಮೆ ತರಿತರಿ, ಒಮ್ಮೆ ನೀರು ಹೆಚ್ಚು, ಏನಾದರೊಂದು ಕೊಂಕು ತೆಗೆಯದೆ ಅವನು ಅಂಗಡಿಯ ಮೆಟ್ಟಿಲು ಇಳಿದವನಲ್ಲ. ಬೇರೆಯವರ ಹುಳಿಸಾಸಿವೆಯನ್ನು ಮುಟ್ಟಿದವನೂ ಅಲ್ಲ. ಹೋದ ಸಲದ್ದು ಹೇಗಿತ್ತು ಎಂದು ಅವಳು ಕೇಳಿದಳು.

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಚೆನ್ನಾಗಿತ್ತಕ್ಕ. ಏನೂ ಹೇಳೋ ಹಾಗಿಲ್ಲ," ಎಂದ.

ಸಾಸಿವೆಯಕ್ಕ ಸೌಟು ಕೆಳಗಿಟ್ಟಳು. "ಇಷ್ಟು ವರ್ಷ ಬೈದ್ರಿ. ಈಗ ಹೊಗಳ್ತಿದೀರಿ. ನಾನೇನು ಸತ್ತುಹೋದ್ನಾ?"

ದರ್ಜಿ ತಲೆ ಎತ್ತಲಿಲ್ಲ. "ಕಹಿ ಅಕ್ಕ. ಮನೇಲಿ ಯಾರೂ ಬಾಯಿಗಿಡಲ್ಲ. ಯಾರ ಮನೇಲೂ ಇಡಲ್ಲ. ತಗೊಳ್ಳೋದು ಬಿಟ್ರೆ ನೀವು ಮತ್ತೆ ಹಾಸಿಗೆ ಹಿಡೀತೀರಿ ಅಂತ..."

ಒಳಬಾಗಿಲಲ್ಲಿ ನಾದಿನಿ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದಿದ್ದರೂ, "ಹೊಗಳಿ ಅಂತ ನಾನೇನೂ ಯಾರಿಗೂ ಹೇಳ್ಕೊಟ್ಟಿಲ್ಲ ಅತ್ತಿಗೆ," ಎಂದಳು.

ಮಾಡಿದ ತಪ್ಪಿಗೆ ಪರಿಹಾರವೆಂಬಂತೆ ದರ್ಜಿ ಮರುದಿನ ತಾನೇ ಬಂದು ಪಾತ್ರೆಯ ಪಕ್ಕ ನಿಂತ. ತಿಂದ ಮೇಲೆ ಏನು ಕಮ್ಮಿ ಎಂದು ಹೇಳಬಲ್ಲವನಿಗೆ, ಮೊದಲೇ ಹೇಳುವುದು ಬರಲಿಲ್ಲ. ಈಗ ಎಂದ, ಅಲ್ಲ ತಾಳಿ ಎಂದ, ಅಷ್ಟರಲ್ಲಿ ಗಳಿಗೆ ಮೀರಿತ್ತು. ಸಾಸಿವೆಯಕ್ಕ ಪಾತ್ರೆಯನ್ನು ಎತ್ತಿ ಚರಂಡಿಗೆ ಸುರಿದಳು.

ಆಮೇಲೆ ಬಾಟಲಿ ಹಿಡಿದು ಬಂದವರಿಗೆಲ್ಲ, ಇನ್ನು ಮಾಡುವುದಿಲ್ಲ ಎಂದಳು. ಅಯ್ಯೋ, ನಮ್ಮ ಗತಿ ಏನು ಎಂದ ಬ್ರೆಡ್ಡಿನಂಗಡಿಯವನು. ದನಿಯಲ್ಲಿ ನಿಜವಾಗಿಯೂ ದುಃಖವಿತ್ತು. ಆದರೆ ಅವಳ ಕಣ್ಣು ಇನ್ನೂ ನೆಟ್ಟಗಿತ್ತಲ್ಲ, ಹೊರೆ ಇಳಿಸಿದವನಂತೆ ಅವನ ಹೆಗಲು ಸಡಿಲಾದದ್ದನ್ನು, ಬಾಟಲಿ ಬೇಗ ಬೇಗನೆ ಚೀಲ ಸೇರಿದ್ದನ್ನು ಕಂಡಳು.

ನೀವು ಮಾಡಲೇಬೇಕು ಎಂದು ಹಟ ಹಿಡಿಯುವವರಿಗಾಗಿ ಅವಳು ಒಂದು ಉತ್ತರವನ್ನು ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡಿದ್ದಳು. ಅಂಗಡಿಯ ಬಾಗಿಲು ಹಾಕುವವರೆಗೂ ಅದು ಬೇಕಾಗಲಿಲ್ಲ.