ಗೌರಿಯ ಬದನೆಕಾಯಿ

ಹಳೇ ಪೇಪರಿನ ಮೇಲೆ ನೇರಳೆ ಬಣ್ಣದ ಕಲೆಯೊಂದು ಮಾತ್ರ ಉಳಿದಿದೆ, ಬದನೆಕಾಯಿ ಇಲ್ಲ, ಈಗ ತಾನೇ ಇಲ್ಲೇ ಒಣಗುತ್ತಿತ್ತಲ್ಲ ಎಂದು ದಿವ್ಯಾ ಮಣ್ಣಿನ ಕೈಯನ್ನು ಚೂಡಿದಾರಿಗೇ ಒರೆಸಿಕೊಂಡಳು, ಕ್ಯಾರೆಟ್ ಇದೆ, ಹಾಗಲಕಾಯಿ ಇದೆ, ಬಿರುಕು ಬಿಟ್ಟ ಟೊಮೇಟೊ ಇದೆ, ಎಲ್ಲವೂ ಮಣ್ಣಿನವು, ನೋಡಿಕೊಂಡು ಮಾಡಲೆಂದು ಪಕ್ಕದಲ್ಲಿಟ್ಟ ನಿಜವಾದ ಬದನೆಕಾಯಿಯೂ ಇದೆ — ಅಥವಾ ಇದೇ ಮಣ್ಣಿನದೋ, ಎತ್ತಿ ನೋಡಿದಳು, ಹಗುರ, ಉಗುರು ಒತ್ತಿದರೆ ಇಳಿಯಿತು, ನಿಜವಾದದ್ದೇ, ಹಾಗಾದರೆ ಮಗಳು ಮಾಡಿದ್ದೆಲ್ಲಿ, ಮಗಳೆಲ್ಲಿ, ಗೌರೀ, ಇಷ್ಟು ಹೊತ್ತು ಕಿವಿಯ ಬಳಿ ಮಾತೋ ಮಾತು, ಅಮ್ಮ ತೊಟ್ಟಿನ ಮುಳ್ಳು ಚುಚ್ಚತ್ತಾ ನೋಡು, ಅಮ್ಮ ತೊಟ್ಟಿನ ಕೆಳಗೆ ಸ್ವಲ್ಪ ಬಿಳೀನೇ ಬಿಡ್ಬೇಕು ಅಲ್ವಾ, ಮನೆಯೊಳಗೆ ಬಾಯಿ ಮುಚ್ಚದ ಈ ಹುಡುಗಿ ಶಾಲೆಯಲ್ಲಿ, ಹೊರಗಿನ ಯಾರ ಜೊತೆಗೂ, ಒಂದು ಮಾತನ್ನೂ ಆಡಲಿಲ್ಲ ಎಂದರೆ ಯಾರು ನಂಬುತ್ತಾರೆ, ಮೇಡಂ ನಿಮ್ಮ ಮಗೂಗೆ ಮಾತು ಬರುತ್ತಾ ಎಂದು ಅವಳ ಟೀಚರ್ ಕೇಳಿದ್ದರು, ಪ್ರೆಸೆಂಟ್ ಮಿಸ್ ಅನ್ನೋವರೆಗೂ ನಿಂತಿರು ಎಂದು ನಿಲ್ಲಿಸಿದ್ದರು, ಮಗು ನಿಂತೇ ಇತ್ತು, ಯೂನಿಫಾರ್ಮ್ ಒದ್ದೆಯಾಗುವವರೆಗೂ ನಿಂತಿತ್ತು, ಆವತ್ತು ಕರೆದುಕೊಂಡು ಬಂದವಳು ದಿವ್ಯಾ ಮತ್ತೆ ಕಳಿಸಲಿಲ್ಲ, ಕೆಲಸ ಬಿಟ್ಟು ಮನೆಯಲ್ಲೇ ಪಾಠ ಹೇಳಿದಳು, ಸರಿ ಮಾಡಿದೆನಾ, ಮಗಳನ್ನು ಬಚ್ಚಿಟ್ಟೆನಾ, ಗೊತ್ತಿಲ್ಲ. ನಾವು ಇದೇ ಜಾಗದಾಗೆ ಮಣ್ಣಲ್ಲಿ ಬದ್ನೆಕಾಯಿ ಬೆಳೀತಿದ್ವಿ, ನೀವು ಮಣ್ಣನ್ನೇ ಬದ್ನೆಕಾಯಿ ಮಾಡ್ತೀರ ಎಂದು ಅತ್ತೆ ಮರಿಯಮ್ಮ ನಗುತ್ತಾರೆ, ನಗುತ್ತಾರೋ ಬೈಯುತ್ತಾರೋ ಅದೂ ತಿಳಿಯುವುದಿಲ್ಲ, ಇನ್ನು ಶಿವಶಂಕರ್, ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ, ಹೊಸ ಸ್ಕೂಲಲ್ಲಿ ಸೀಟ್ ಕೊಡ್ತಾರಂತೆ ದಿವ್ಯಾ, ಇವತ್ತೇ ಹೇಳ್ಬೇಕು, ಇನ್ನೆಷ್ಟು ದಿನ ತರಕಾರಿ ಮಾಡ್ಕೊಂಡು ಕೂತಿರ್ತೀರ, ಗಂಡನಿಗೆ ಅವಳು ಏನಂದಳು, ಯೋಚ್ನೆ ಮಾಡ್ತೀನಿ ಅಂದಳು, ಯೋಚನೆಯ ಬದಲು ಮಣ್ಣು ನಾದಿದಳು — ಬಾಗಿಲು ಯಾಕೆ ಓರೆಯಾಗಿದೆ, ಚಪ್ಪಲಿ ಇಲ್ಲ, ಗೌರಿಯ ಚಪ್ಪಲಿ ಇಲ್ಲ.

ಕೆಳಕ್ಕೋದ್ಲು ಕಣಮ್ಮ, ಕೈಯಾಗೆ ಏನೋ ಇಟ್ಕಂಡು ಓಡಿದ್ಲು, ಮೆಟ್ಟಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಹೇಳಿದರು, ಒಬ್ಬಳೇನಾ, ಒಬ್ಳೇ, ಯಾಕೆ ಬಿಟ್ರಿ ಅತ್ತೆ, ಯಾಕ್ ಬಿಡಬಾರ್ದು, ದಿವ್ಯಾ ಬಾಲ್ಕನಿಗೆ ಓಡಿ ಬಗ್ಗಿದಳು, ಕೆಳಗೆ ನೀರಿನ ಟ್ಯಾಂಕರ್ ನೆಲದಡಿಯ ಸಂಪಿನೊಳಗೆ ಪೈಪು ಇಳಿಸಿ ಗುಡುಗುಟ್ಟುತ್ತಿದೆ, ಅದರ ಪಕ್ಕ ಚಿನ್ನಪ್ಪನ ತರಕಾರಿ ಗಾಡಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡ ಹೆಂಗಸೊಬ್ಬಳು, ಅವಳ ಸೊಂಟದೆತ್ತರಕ್ಕೆ ಗೌರಿ, ಗೌರಿ ಕೈಚಾಚಿ ತನ್ನ ಬದನೆಕಾಯಿಯನ್ನು ಗಾಡಿಯ ರಾಶಿಯ ಮೇಲೆ ಇಟ್ಟಳು, ಮೇಲಿನಿಂದ ನೋಡಿದರೆ ಯಾವುದು ಯಾವುದೋ, ಚಿನ್ನಪ್ಪ ನೋಡದೆ ಬಾಚಿ ತಕ್ಕಡಿಗೆ ಹಾಕಿದ, ಹೆಂಗಸು ಚೀಲ ಅಗಲಿಸಿದಳು, ಅಯ್ಯೋ ಹೋಯಿತು, ಇಷ್ಟು ದಿನದ ಕೆಲಸ — ಆಗ ಗೌರಿ ಚಿನ್ನಪ್ಪನ ಅಂಗಿಯ ಚುಂಗು ಹಿಡಿದು ಎಳೆದಳು, ಮುಖ ಎತ್ತಿದಳು, ಬಾಯಿ ತೆರೆಯಿತು. ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು, ಅಳುತ್ತಿದ್ದಾಳಾ, ಉಸಿರು ಕಟ್ಟಿತಾ, ಮಾತಾ, ಟ್ಯಾಂಕರಿನ ಸದ್ದು ಬಿಟ್ಟು ಏನೂ ಕೇಳುತ್ತಿಲ್ಲ, ಸ್ವಲ್ಪ ನಿಲ್ಸಿ ಎಂದು ದಿವ್ಯಾ ಮೇಲಿನಿಂದಲೇ ಕೂಗಿದಳು, ಯಾರೂ ತಲೆ ಎತ್ತಲಿಲ್ಲ, ಮೆಟ್ಟಿಲು ಹೇಗೆ ಇಳಿದಳೋ, ಫೋನು ಕೈಯಲ್ಲೇ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಏನಕ್ಕಾ, ನಿಮ್ ಪಾಪು ನಂಗೇ ಟೋಪಿ ಹಾಕ್ಬಿಟ್ಳಲ್ಲ, ಚಿನ್ನಪ್ಪ ಬದನೆಕಾಯಿಯನ್ನು ಉಗುರಿನಿಂದ ಟಕಟಕ ಬಡಿದು ತೋರಿಸಿದ, ಐಡಿ ಕಾರ್ಡಿನ ಹೆಂಗಸು ಸೂಪರ್ ಪುಟ್ಟಿ ಎಂದು ನಕ್ಕು ಹೊರಟಳು, ದಿವ್ಯಾಗೆ ನಗು ಬರಲಿಲ್ಲ, ಅವಳೇನಂದ್ಲು ಅಣ್ಣ, ಏನಂತಾಳಕ್ಕ, ಅಣ್ಣ ಅದನ್ನ ಕೊಡ್ಬೇಡಿ, ಅದು ಮಣ್ಣು, ನಾನೇ ಮಾಡಿದ್ದು, ಅಂದ್ಲು, ಬಾಯಲ್ಲೇ ಅಂದ್ಲಾ, ಇನ್ನೆಲ್ಲಿ ಅಂತಾರಕ್ಕ, ಟ್ಯಾಂಕರ್ ಸದ್ದಲ್ಲೂ ಕೇಳುಸ್ತು. ಚಿನ್ನಪ್ಪನಿಗೆ ಕೇಳಿಸಿತು, ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಕೇಳಿಸಿತು, ಅದಕ್ಕಾಗಿಯೇ ಕಾದು ಕೂತವಳಿಗೆ ಕೇಳಿಸಲಿಲ್ಲ, ಇದೇನು ಸಂತೋಷವಾ, ಗೌರಿ ಇನ್ನೊಂದ್ಸಲ ಹೇಳು ಚಿನ್ನಾ, ಅಣ್ಣಂಗೆ ಹೇಳು, ಗೌರಿ ಅಮ್ಮನ ಚೂಡಿದಾರಿನಲ್ಲಿ ಮುಖ ಹುದುಗಿಸಿದಳು, ಫೋನು ನಡುಗಿತು, ಶಿವಶಂಕರ್, ದಿವ್ಯಾ, ಏನಂತ ಹೇಳ್ಲಿ ಸ್ಕೂಲಿನವ್ರಿಗೆ, ಮಾತಾಡಿದಳು ಅಂತ ಶಾಲೆಗೆ ಕಳಿಸಬೇಕಾ, ಶಾಲೆ ಇಲ್ಲದ್ದಕ್ಕೇ ಮಾತಾಡಿದಳು ಅಂತ ಕಳಿಸಬಾರದಾ, ಕಳಿಸಿದರೆ ಮತ್ತೆ ನಿಲ್ಲಿಸುತ್ತಾರಾ, ಕಳಿಸದಿದ್ದರೆ ಚಿನ್ನಪ್ಪನ ಗಾಡಿಯೊಂದೇ ಸಾಕಾ, ಹಲೋ, ದಿವ್ಯಾ, ಇದೀಯಾ, ಇದೀನಿ ರೀ, ಇರಿ, ಅವಳನ್ನೇ ಕೇಳ್ತೀನಿ, ಯಾರನ್ನ, ಗೌರೀನ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ, ದಿವ್ಯಾ ರಸ್ತೆಯ ಒದ್ದೆ ಮಣ್ಣಿನಲ್ಲೇ ಮಂಡಿಯೂರಿ ಕೂತಳು, ಹೊಸ ಸ್ಕೂಲಿಗೆ ಹೋಗ್ತೀಯಾ ಮಗಳೇ, ಬೇಡ ಅಂದ್ರೂ ಸರಿ, ಮಗಳು ಮುಖ ಎತ್ತಿದಳು, ತುಟಿಯ ಮೇಲೆ ನೇರಳೆ ಬಣ್ಣದ ಚುಕ್ಕೆ, ಮುಂದಿನ ಹಲ್ಲು ಬಿದ್ದ ಕಪ್ಪು ಸಂದು, ಬಾಯಿ ತೆರೆಯಿತು, ಟ್ಯಾಂಕರ್ ಗುಡುಗುಟ್ಟುತ್ತಲೇ ಇತ್ತು, ದಿವ್ಯಾ ಕಿವಿಯನ್ನು ಹತ್ತಿರ ತಂದಳು, ಇನ್ನೂ ಹತ್ತಿರ, ಆ ಪುಟ್ಟ ಬಾಯಿ, ತೆರೆದ ಬಾಯಿ