ನಾಲ್ಕನೆಯ ಮೂಲೆ

ನಮ್ಮ ಪ್ರಾರ್ಥನಾ ಮಂದಿರದ ಚಾವಣಿಯಲ್ಲಿ ತೊಂಬತ್ತಾರು ಸಿಮೆಂಟ್ ಶೀಟುಗಳಿವೆ. ತೊಂಬತ್ತೈದು ಹಳೆಯವು, ಪಾಚಿ ಹಿಡಿದು ಕಪ್ಪಾದವು. ಒಂದು ಮಾತ್ರ ಹೊಸದು. ಅದನ್ನು ಹಾಕಿದವನು ನಾನು. ಪ್ರತಿ ಭಾನುವಾರ ಅದರ ಕೆಳಗೆ ನಿಂತು ಬೈಬಲ್ ವಾಕ್ಯ ಓದುವವನೂ ನಾನೇ. ನಾಲ್ಕು ವರ್ಷದಿಂದ ತಲೆ ಎತ್ತದೆ ಓದುತ್ತಿದ್ದೇನೆ. ಸಭೆಯವರು ಅದನ್ನು ಭಕ್ತಿ ಅಂದುಕೊಂಡಿದ್ದಾರೆ, ಪಾಪ.

ಆ ಶೀಟು ಈಗಿರುವ ಜಾಗದಿಂದಲೇ ನನ್ನ ಭಾವ ಬಿದ್ದದ್ದು. ಭಾವ ಎಂದರೆ ಅಕ್ಕನ ಗಂಡ, ಚಾವಣಿ ಕೆಲಸದಲ್ಲಿ ನನ್ನ ಗುರು. ಮೂವತ್ತು ವರ್ಷ ಆ ಮನುಷ್ಯ ಸೊಂಟಕ್ಕೆ ಹಗ್ಗ ಕಟ್ಟದೆ ಚಾವಣಿಯ ಮೇಲೆ ಕಾಲಿಟ್ಟವರಲ್ಲ. ಹಗ್ಗದ ಒಂದು ತುದಿ ಅವರ ಸೊಂಟದಲ್ಲಿ. ಇನ್ನೊಂದು ತುದಿ ಚಾವಣಿಯ ನೆತ್ತಿ ದಾಟಿ, ಆಚೆ ಬದಿಗೆ ಇಳಿದು, ಕೆಳಗಿನ ಕಂಬದಲ್ಲಿ. ಸೊಂಟದ ಗಂಟು ಅವರದು, ಕಂಬದ ಗಂಟು ನನ್ನದು. ಎರಡು ಸುತ್ತು ಸುತ್ತಬೇಕು, ಆಮೇಲೆ ಗಂಟು, ಆಮೇಲೆ ಮೈಭಾರ ಹಾಕಿ ಎಳೆದು ನೋಡಬೇಕು. ಇದನ್ನು ಅವರು ನನಗೆ ಬಾಯಿಪಾಠ ಮಾಡಿಸಿದ್ದರು.

ಅವತ್ತು ಬೆಳಿಗ್ಗೆ ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರು, "ಇವನು ಹಾಕೋ ಗಂಟು ನೋಡಿದ್ರೆ ಬೂಟಿನ ಲೇಸೂ ನಗುತ್ತೆ" ಎಂದು ಭಾವ ನನ್ನನ್ನು ಆಡಿಕೊಂಡರು. ಎಲ್ಲರೂ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಕ್ಕರೆ ನಗಲಿ ಎಂದು ಕಂಬಕ್ಕೆ ಒಂದೇ ಸುತ್ತು ಸುತ್ತಿ, ಎಳೆದೂ ನೋಡದೆ, ಮಂದಿರದ ಹಿಂದಿನ ನೆರಳಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಶೀಟು ಮುರಿದ ಸದ್ದು, ಅದರ ಹಿಂದೆಯೇ ಬೆಂಚುಗಳ ಮೇಲೆ ಏನೋ ಬಿದ್ದ ಸದ್ದು ಕೇಳಿಸಿತು.

ಓಡಿದೆ. ಭಾವನಿಗೆ ಪ್ರಜ್ಞೆ ಇರಲಿಲ್ಲ. ನಾನು ಮೊದಲು ಮಾಡಿದ್ದು ಉಸಿರು ಇದೆಯೇ ಎಂದು ನೋಡಿದ್ದಲ್ಲ, ಅವರ ಸೊಂಟದ ಹಗ್ಗ ಬಿಚ್ಚಿದ್ದು. ಅದನ್ನು ಸುತ್ತಿ ಸಾಮಾನಿನ ಚೀಲದ ತಳಕ್ಕೆ ತುರುಕಿ, ಆಮೇಲೆ "ಅಯ್ಯೋ, ಯಾರಾದ್ರೂ ಬನ್ನಿ" ಎಂದು ಕೂಗಿದೆ. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಹಗ್ಗ ಕಟ್ಟಿಕೊಳ್ಳಿ ಅಂದೆ, ಕೇಳಲಿಲ್ಲ. ಭಾವನಿಗೆ ಎಚ್ಚರವಾದಾಗ ಟೀ ಅಂಗಡಿಯ ನಗುವಿನ ತನಕ ಮಾತ್ರ ನೆನಪಿತ್ತು, ಮುಂದಿನದು ಅಳಿಸಿಹೋಗಿತ್ತು. ಸೊಂಟದಿಂದ ಕೆಳಗೆ ಸ್ಪರ್ಶವೂ ಇರಲಿಲ್ಲ. ಅವರಿಗೂ ನಾನು ಅದೇ ಉತ್ತರ ಕೊಟ್ಟೆ.

ದೇವರ ಹತ್ತಿರ ಮಾತ್ರ ನಿಜ ಹೇಳಿದ್ದೇನೆ. ದಿನಾ ಹೇಳಿದ್ದೇನೆ. ರಕ್ಷಣೆ ಸಿಗುವುದು ನಮ್ಮ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಪಾಸ್ಟರ್ ಬೋಧಿಸಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ನಾನು. ಆದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡಿಕೋ ಎಂದು ಯೇಸು ಹೇಳುವ ಪುಟ ಬಂದರೆ, ಗಂಟಲು ಕೆಟ್ಟಿದೆ ಎಂದು ಬೇರೆಯವರ ಕೈಗೆ ಪುಸ್ತಕ ಕೊಡುತ್ತಿದ್ದೆ. ವರ್ಷಕ್ಕೊಮ್ಮೆ ನನ್ನ ಗಂಟಲು ತಪ್ಪದೆ ಕೆಡುತ್ತಿತ್ತು.

ಹೀಗಿರುವಾಗ ಭಾವನ ಬೆನ್ನಿನ ಹಾಸಿಗೆ ಹುಣ್ಣು ಕೀವಾಗಿ ಮೂಳೆ ಮುಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ನಾನು ವಾರ್ಡಿನ ಆಚೆ, ಕಾಲು ಸುಟ್ಟ ಬೆಕ್ಕಿನ ಹಾಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಅಕ್ಕ ಬಂದು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಒಂದು ಕಡೆ ನಿಲ್ಲೋ. ನೋಡಿ ನೋಡಿ ನನಗೇ ತಲೆ ಸುತ್ತುತ್ತೆ."

"ಡಾಕ್ಟರ್ ಏನಂದ್ರು?"

"ಉಳಿಯೋದು ಅರ್ಧಕ್ಕೆ ಅರ್ಧ ಅಂದ್ರು. ಹೃದಯಕ್ಕೆ ಶಕ್ತಿ ಇಲ್ವಂತೆ. ದೇಹದ ವಿಷಯ ಅವರಿಗೆ ಬಿಟ್ಟೆ. ಇವರ ಆತ್ಮದ ಗತಿ ಏನು ಹೇಳು? ನಾಲ್ಕು ವರ್ಷದಿಂದ ಒಂದು ಪ್ರಾರ್ಥನೆ ಇಲ್ಲ. ಪಾಸ್ಟರ್ ಬಂದ್ರೆ ಗೋಡೆ ಕಡೆ ಮುಖ. ನಂಬಿಕೆ ಇಲ್ಲದೆ ಹಾಗೇ ಹೋಗ್ಬಿಟ್ರೆ?" ಎಂದು ಅವಳು ಕಣ್ಣೊರೆಸಿಕೊಂಡಳು. ವೇದಪುಸ್ತಕವನ್ನು ನನ್ನ ಕೈಗೆ ತುರುಕಿದಳು. "ನೀನು ಓದಿದ್ರೆ ಕಲ್ಲೂ ಕರಗುತ್ತೆ ಅಂತ ಸಭೆಯವರೆಲ್ಲ ಹೇಳ್ತಾರೆ. ಚೀಟಿ ಇಟ್ಟಿದೀನಿ ನೋಡು. ಚಾವಣಿ ಕೆಲಸದವರಿಗೆ ಚಾವಣಿ ಕಥೆ. ಅದಾದ್ರೂ ಕಿವಿಗೆ ಬೀಳಬಹುದು."

ಚೀಟಿ ಇದ್ದ ಪುಟ ತೆರೆದೆ. ನಡೆಯಲಾರದವನನ್ನು ನಾಲ್ಕು ಜನ ಹೊತ್ತು ತಂದು, ಚಾವಣಿ ಒಡೆದು, ಯೇಸುವಿನ ಮುಂದೆ ಇಳಿಸಿದ ಕಥೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಅಂಗೈ ನೋಡಿಕೊಂಡೆ. ಅಕ್ಕ ಔಷಧಿ ತರಲು ಕೆಳಗೆ ಹೋದಳು. ಓಡಿಹೋಗಲು ಮೆಟ್ಟಿಲು ಇತ್ತು, ಆದರೂ ಹೋಗಲಿಲ್ಲ.

ಭಾವ ಒಂದು ಮಗ್ಗುಲಾಗಿ, ದಿಂಬುಗಳ ಆಸರೆಯಲ್ಲಿ ಮಲಗಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಬಂದ್ಯಾ? ನಿಮ್ಮಕ್ಕ ಕಳಿಸಿದ್ಲು ಅಲ್ವಾ? ಓದು. ಅವಳಿಗೂ ಸಮಾಧಾನ ಆಗ್ಲಿ" ಎಂದರು.

ಸ್ಟೂಲಿನ ಮೇಲೆ ಕೂತು ಓದಿದೆ. ಜನ ತುಂಬಿ ಬಾಗಿಲಲ್ಲಿ ಜಾಗವಿರಲಿಲ್ಲ ಎನ್ನುವಲ್ಲಿಗೆ ಬಂದಾಗ ಭಾವ ಕಣ್ಣು ತೆರೆದರು. ಮೇಲೆ ಹತ್ತಿ ಚಾವಣಿ ಬಿಚ್ಚಿದರು ಎಂದಾಗ ಅವರ ಕುತೂಹಲ ಪೂರ್ತಿ ಎದ್ದು ಕೂತಿತು.

"ತಡಿ ತಡಿ. ಮನೆ ಯಜಮಾನ ಏನೂ ಅನ್ನಲಿಲ್ವಾ?"

"ಇಲ್ಲಿ ಬರೆದಿಲ್ಲ, ಭಾವ."

"ಬರೆಯೋನು ಚಾವಣಿ ಕೆಲಸದವನಲ್ಲ ಬಿಡು. ಆಮೇಲೆ ಆ ತೂತು ಮುಚ್ಚಿದ್ಯಾರು?"

"ಅದೂ ಬರೆದಿಲ್ಲ."

"ಇಳಿಸೋದು ಹುಡುಗಾಟ ಅಲ್ಲ ಕಣೋ," ಎಂದು ಭಾವ ಎರಡೂ ಕೈ ಎತ್ತಿ, ಗಾಳಿಯಲ್ಲೇ ಹಗ್ಗ ಬಿಡುತ್ತಾ ತೋರಿಸಿದರು. "ನಾಲ್ಕು ಮೂಲೆಗೆ ನಾಲ್ಕು ಜನ. ಒಬ್ಬ ಕೈ ಸಡಿಲ ಬಿಟ್ರೂ ಮಂಚ ವಾಲಿ ಆಸಾಮಿ ಜಾರ್ತಾನೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಇಳಿಸಿರ್ಬೇಕು. ಸರಿ, ಮುಂದೆ ಓದು."

ಮುಂದೆ ಓದಿದೆ. ಹೊತ್ತು ತಂದವರ ನಂಬಿಕೆ ನೋಡಿ ಯೇಸು ಆ ರೋಗಿಗೆ, ನಿನ್ನ ಪಾಪಗಳಿಗೆ ಕ್ಷಮೆ ಸಿಕ್ಕಿದೆ ಎಂದು ಹೇಳುತ್ತಾನೆ. ರೋಗಿ ಒಂದು ಮಾತೂ ಆಡಿರುವುದಿಲ್ಲ. ಅವನಿಗೆ ನಂಬಿಕೆ ಇತ್ತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನು ಬೆರಳುಗಳ ಲಟಿಕೆ ತೆಗೆಯುತ್ತಾ ಕೂತೆ.

"ಅದೃಷ್ಟವಂತ ಅವನು," ಎಂದರು ಭಾವ. "ದೇವರ ಮೇಲೆ ನನಗೆ ಕೋಪ ಅಂತ ನಿಮ್ಮಕ್ಕ ತಿಳ್ಕೊಂಡಿದಾಳೆ. ಕೋಪ ಇಲ್ಲ ಕಣೋ. ಮೂವತ್ತು ವರ್ಷ ಕಟ್ಟಿದ ಹಗ್ಗಾನ ಒಂದು ದಿನ ಕಟ್ಲಿಲ್ಲ. ಯಾಕೆ ಕಟ್ಲಿಲ್ಲ ಅಂತ ನಾಲ್ಕು ವರ್ಷ ಇದೇ ಹಾಸಿಗೆ ಮೇಲೆ ಹುಡುಕ್ತಾ ಇದೀನಿ. ಸಿಗ್ತಾನೇ ಇಲ್ಲ. ನನ್ನ ಕೈಯನ್ನೇ ನಾನು ನಂಬಕ್ಕಾಗಲ್ಲ. ಇನ್ನು ಕಣ್ಣಿಗೆ ಕಾಣದವನನ್ನ ಹೇಗೆ ನಂಬ್ಲಿ?"

ನಾಲ್ಕು ವರ್ಷ ನಾನು ಅವರ ಕಾಲುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಅವರ ನಂಬಿಕೆಯನ್ನೂ ನಾನೇ ಮುರಿದಿದ್ದೇನೆ ಎಂದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ನಾಳೆ ಬೆಳಿಗ್ಗೆ ಈ ಮನುಷ್ಯ, ತನ್ನ ತಪ್ಪಲ್ಲದ ತಪ್ಪನ್ನು ಹೊತ್ತುಕೊಂಡು ಒಳಗೆ ಹೋಗುತ್ತಾರೆ, ಬಹುಶಃ ಹೊರಗೆ ಬರುವುದಿಲ್ಲ. ಪುಸ್ತಕ ಮುಚ್ಚಿದೆ.

"ಕಟ್ಟಿದ್ರಿ, ಭಾವ."

"ಏನು?"

"ಹಗ್ಗ. ಕಟ್ಟಿದ್ರಿ. ನಿಮ್ಮ ಗಂಟು ಬಿಚ್ಚೋಕೆ ನನ್ನ ಉಗುರೇ ಕಿತ್ತು ಬಂತು, ಅಷ್ಟು ಭದ್ರವಾಗಿತ್ತು. ಜಾರಿದ್ದು ಕಂಬದ ಗಂಟು. ನನ್ನದು."

ಉಳಿದದ್ದನ್ನೂ ಹೇಳಿದೆ. ಟೀ ಅಂಗಡಿಯ ಸಿಟ್ಟು, ಒಂದೇ ಸುತ್ತು, ಚೀಲದ ತಳ, ಎಲ್ಲ. ಹೇಳಿ ಮುಗಿಸಿದರೆ ಹಗುರಾಗುತ್ತದೆ ಎಂದು ಎಷ್ಟೋ ಸಲ ಸಭೆಯಲ್ಲಿ ನಾನೇ ಸಾಕ್ಷಿ ಹೇಳಿದ್ದೆ. ಹಗುರವೂ ಆಗಲಿಲ್ಲ, ಏನೂ ಆಗಲಿಲ್ಲ. ಭಾವ ತಮ್ಮ ಎರಡು ಕೈಗಳನ್ನೂ ಮುಖದ ಹತ್ತಿರ ತಂದುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು.

"ನಾಲ್ಕು ವರ್ಷ," ಎಂದರು. "ನಾಲ್ಕು ವರ್ಷ ನನ್ನ ಹತ್ರ ಕೂತು ಗಂಜಿ ಕುಡಿಸ್ದೆ."

"ಭಾವ, ನನ್ನನ್ನ..."

"ಆಚೆ ಹೋಗು."

ಬಾಗಿಲಲ್ಲಿ ಅಕ್ಕ ಔಷಧಿಯ ಚೀಲ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಕೇಳಬೇಕಾದಷ್ಟು ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ವೇದಪುಸ್ತಕ ಕಿತ್ತುಕೊಂಡು, ಅದನ್ನು ತನ್ನ ಸೆರಗಿನಿಂದ ಒರೆಸಿದಳು. "ನಾಳೆ ಬರಬೇಡ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬಂದು ವಾರ್ಡಿನ ಎದುರಿನ ಮೆಟ್ಟಿಲ ಹತ್ತಿರ ನಿಂತೆ. ಬರಬೇಡ ಎಂದ ಮೇಲೂ ಬರಲು ನನಗೆ ಮುಖ ಇರಲಿಲ್ಲ. ಬರದೆ ಇರಲು ಧೈರ್ಯ ಇರಲಿಲ್ಲ. ಅಲ್ಲಿಂದ ವಾರ್ಡಿನ ತೆರೆದ ಬಾಗಿಲು ಕಾಣುತ್ತಿತ್ತು. ಕೂರಲಾರೆ, ಪ್ರಾರ್ಥನೆಗೆ ಬಾಯಿ ಬಾರದು. ನನಗೆ ಕ್ಷಮೆ ಸಿಕ್ಕಿದೆ ಎಂದು ಅಷ್ಟು ವರ್ಷ ನಂಬಿದ್ದೆನಲ್ಲ, ಅದು ನಂಬಿಕೆಯೋ, ಮೈಗಳ್ಳತನವೋ? ಕಾಲ ಮೇಲೆ ಕಾಲು ಬದಲಿಸುತ್ತಾ ಅದನ್ನೇ ಕೇಳಿಕೊಂಡೆ.

ಎಂಟು ಗಂಟೆಗೆ ಗಾಲಿ ಮಂಚ ಬಂತು. ರೋಗಿಯನ್ನು ಹಾಸಿಗೆಯಿಂದ ಅದಕ್ಕೆ ಸಾಗಿಸಬೇಕು. ಬೆನ್ನಿನ ಹುಣ್ಣಿಗೆ ಕೈ ತಗುಲಬಾರದು, ಆದ್ದರಿಂದ ಕೆಳಗೆ ಹಾಸಿದ ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಎತ್ತುತ್ತಾರೆ. ವಾರ್ಡಿನ ಕೆಲಸದವರು ಇಬ್ಬರಿದ್ದರು, ನರ್ಸ್ ಒಬ್ಬರು.

"ಇನ್ನೊಬ್ಬರು ಬೇಕು. ಗಟ್ಟಿ ಆಳು. ನಿಮ್ಮ ಕಡೆಯವರು ಯಾರೂ ಇಲ್ವಾ?" ಎಂದು ನರ್ಸ್ ಕೇಳಿದರು.

"ನಾನೇ ಹಿಡೀತೀನಿ" ಎಂದಳು ಅಕ್ಕ.

"ನಿನ್ನ ಕೈಲಾಗಲ್ಲ," ಎಂಬ ಭಾವನ ದನಿ ಕೇಳಿಸಿತು. "ಮೆಟ್ಟಿಲ ಹತ್ರ ಒಬ್ಬ ನಿಂತಿರ್ತಾನೆ. ಕರೀರಿ."

"ಅವನು ಬೇಡ ರೀ. ನಿಮ್ಮ ಕಾಲಿಗೆ ಬೀಳ್ತೀನಿ, ಅವನು ಬೇಡ."

"ಮೈ ನನ್ನದು. ನಾನು ಹೇಳ್ದವರು ಎತ್ಲಿ."

ಒಳಗೆ ಹೋದೆ. ಭಾವನ ಕಣ್ಣುಗಳು ಕೆಂಪಾಗಿದ್ದವು, ರಾತ್ರಿ ಅವರೂ ಮಲಗಿರಲಿಲ್ಲ. ನಾನು ಕಾಲಿನ ಕಡೆಯ ಮೂಲೆಗೆ ಕೈ ಹಾಕಿದೆ.

"ಅಲ್ಲಲ್ಲ. ತಲೆ ಕಡೆಗೆ ಬಾ."

ತಲೆಯ ಕಡೆಗೆ ಹೋದೆ. ಭಾರವೆಲ್ಲ ಇರುವುದು ಅಲ್ಲೇ. ಅಕ್ಕ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ರಾತ್ರಿ ಎಲ್ಲಾ ಆ ಕಥೆನೇ ಯೋಚಿಸ್ದೆ," ಎಂದರು ಭಾವ, ನನಗೆ ಮಾತ್ರ ಕೇಳುವ ಹಾಗೆ. "ಆ ನಾಲ್ಕು ಜನರಲ್ಲಿ ಅವನನ್ನ ಮೊದಲು ಕೈಬಿಟ್ಟವನೂ ಒಬ್ಬ ಇದ್ನೋ ಏನೋ. ಇಲ್ದಿದ್ರೆ ಬೇರೆಯವರ ಚಾವಣಿ ಒಡೆಯೋ ಅಷ್ಟು ಅವಸರ ಯಾರಿಗಿರುತ್ತೆ?"

ನಾನು ಬಗ್ಗಿ ನನ್ನ ಮೂಲೆಗೆ ಕೈ ಹಾಕಿದೆ.

"ಕ್ಷಮಿಸಿದೀನಿ ಅಂತ ಹೇಳ್ತಿಲ್ಲ. ಅದು ಇನ್ನೂ ಬಂದಿಲ್ಲ, ಸುಳ್ಳು ಯಾಕೆ ಹೇಳ್ಲಿ?" ಎಂದು ಅವರು ನನ್ನ ಕೈಯತ್ತ ನೋಡಿದರು. "ಎರಡು ಸುತ್ತು ಸುತ್ಕೋ."

ದುಪ್ಪಟಿಯ ಮೂಲೆಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಎಳೆದು ನೋಡಿದೆ. ಅವರು ಅದನ್ನೂ ಗಮನಿಸಿದರು. ಆಮೇಲೆ ಕಣ್ಣು ಮುಚ್ಚಿ, ಕುತ್ತಿಗೆಯ ಬಿಗಿ ಬಿಟ್ಟರು. ನರ್ಸ್ ಒಂದು, ಎರಡು, ಮೂರು ಎಣಿಸಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತಿದೆವು, ಭಾವನ ತಲೆಯ ಭಾರ ಪೂರ್ತಿ ನನ್ನ ಕೈಗೆ ಬಂತು.