ಮಾನ್ವಿ ಲೈನಿನ ಕನ್ನಡ

ದೇವದುರ್ಗದ ತಾರು ಬಾಬು ಹನುಮಂತ್ರಾಯ ಮಾನ್ವಿಯ ತಾರು ಬಾಬು ಶರಣಯ್ಯನ ಮುಖ ನೋಡಿರಲಿಲ್ಲ. ಆರು ವರ್ಷದ ಗೆಳೆತನ, ದಿನಕ್ಕೆ ಹತ್ತು ಸಲ ಮಾತು, ಆದರೂ ಮುಖ ನೋಡಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ರಾಯಚೂರು, ಮಾನ್ವಿ, ದೇವದುರ್ಗ, ಮೂರೂ ಕಚೇರಿ ಒಂದೇ ತಂತಿಯ ಮೇಲಿದ್ದವು. ಒಬ್ಬರು ಕೀ ಒತ್ತಿದರೆ ಉಳಿದಿಬ್ಬರ ಮೇಜಿನ ಮೇಲೂ ಟಕಟಕ ಕೇಳಿಸುತ್ತಿತ್ತು. ಒತ್ತುವ ರೀತಿಯಿಂದಲೇ ಯಾರ ಬೆರಳೆಂದು ಗೊತ್ತಾಗುತ್ತಿತ್ತು. ಶರಣಯ್ಯನ ಬೆರಳು ಬಲು ನಿಧಾನ, ಉಂಡು ಎಲೆ ಅಡಿಕೆ ಹಾಕಿಕೊಂಡವನ ಮಾತಿನ ಹಾಗೆ.

ಆದರೆ ಚುಕ್ಕಿ, ಗೆರೆ ಎಂಬ ಗಿಡ್ಡ ಉದ್ದ ಸದ್ದುಗಳ ಆ ಟಕಟಕಕ್ಕೆ ಗೊತ್ತಿದ್ದುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಮಾತ್ರ. ಕನ್ನಡದ ಮಾತನ್ನೂ ಅದರೊಳಗೇ ತುರುಕಿ ಕಳಿಸಬೇಕು. ಕಾಗದ ಕೈಗೆ ಬಂದರೆ ಹಳ್ಳಿಯವರು ಓದಿಸಲು ಮಾಸ್ತರನನ್ನು ಹುಡುಕಬೇಕು. ಒಮ್ಮೆ ಗಬ್ಬೂರಿನ ಜಂಬಮ್ಮ, ಮಗಳಿಗೆ ಹೆರಿಗೆಯಾದ ತಾರನ್ನು ಸಾವಿನ ಸುದ್ದಿಯೆಂದೇ ತಿಳಿದು, ದಾರಿಯುದ್ದಕ್ಕೂ ಅಳುತ್ತ ದೇವದುರ್ಗಕ್ಕೆ ಬಂದಳು.

“ಕನ್ನಡ ಓದಾಕ ಬರ್ತದ್ರಿ ನನಗ. ಇದೇನಿದು, ಇರುವಿ ಹರದಾಡಿದಂಗ?” ಎಂದು ಕಾಗದವನ್ನು ಕಿಟಕಿಯೊಳಗೆ ಎಸೆದಳು.

ಹನುಮಂತ್ರಾಯನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವತ್ತೇ ಮಾನ್ವಿಗೆ ಬಡಿದ: “ಹಿಂದಿಗೆ ಬ್ಯಾರೆ ಚುಕ್ಕಿ ಗೆರಿ ಮಾಡ್ಯಾರಂತ ಅಯ್ಯನೋರ. ನಮ್ಮ ಕನ್ನಡ ಏನ್ ಪಾಪ ಮಾಡ್ಯದ?”

“ನಾವ ಮಾಡೋಣು ಬಾ ತಮ್ಮಾ,” ಎಂದ ಶರಣಯ್ಯ.

ಎಂಟು ತಿಂಗಳು, ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ, ಇಬ್ಬರೂ ತಂತಿಯ ಮೇಲೆಯೇ ಅಕ್ಷರ ಹಂಚಿದರು. ಇಂಗ್ಲಿಷಿನಲ್ಲಿ ಜೋಡಿ ಸಿಕ್ಕವಕ್ಕೆ ಹಳೆಯ ಗುರುತೇ ಇರಲಿ. ಳ, ಣ, ಠ ಇಂಥವಕ್ಕೆ ಒಂದು ಚುಕ್ಕಿ ಹೆಚ್ಚು. ಒತ್ತಕ್ಷರಕ್ಕೆ ಮುಂದೊಂದು ಉದ್ದ ಗೆರೆ. ಙ ಮತ್ತು ಞಗಳ ಮೇಲೆ ಎರಡು ದಿನ ಜಗಳವೇ ನಡೆಯಿತು. “ಯಾರೂ ಬರಿಯಂಗಿಲ್ಲ, ಬಿಡ್ರಿ,” ಎಂದ ಹನುಮಂತ್ರಾಯ. “ಇರ್ಲಿ ಬಿಡೋ, ಪಾಪ, ಅವೂ ಅಕ್ಷರನ ಅದಾವ,” ಎಂದ ಶರಣಯ್ಯ. ಆಮೇಲೆ ತಾರನ್ನು ಕಾಯಿದೆಯಂತೆ ಇಂಗ್ಲಿಷಿನಲ್ಲಿ ಒಮ್ಮೆ ಕಳಿಸಿ, ಬೆನ್ನಿಗೇ ಕನ್ನಡದಲ್ಲಿ ಮತ್ತೊಮ್ಮೆ ಬಡಿಯತೊಡಗಿದರು. ಇಳಿಸಿಕೊಂಡವನು ಅದನ್ನು ಕಾಗದದ ಹಿಂಬದಿಗೆ ಕನ್ನಡದಲ್ಲೇ ಬರೆದುಕೊಡುವನು. ಜಂಬಮ್ಮ ತನ್ನ ಮುಂದಿನ ತಾರನ್ನು ಕಿಟಕಿಯಲ್ಲೇ ನಿಂತು ತಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡಳು. ಆ ದಿನ ಹನುಮಂತ್ರಾಯನಿಗೆ ಊಟವೇ ಬೇಕೆನಿಸಲಿಲ್ಲ.

ಎಮರ್ಜೆನ್ಸಿ ಬಂತು ನೋಡಿ, ಎಲ್ಲ ಕೆಟ್ಟಿತು. ಮಾನ್ವಿ ಲೈನಿನ ಮೇಲೆ ಗುಪ್ತ ಸಂಕೇತ ಓಡಾಡುತ್ತಿದೆ ಎಂದು ಯಾರೋ ಅರ್ಜಿ ಬರೆದರು. ಆ ಕಾಲದಲ್ಲಿ ಇಂಥದಕ್ಕೆ ನೌಕರಿಯಷ್ಟೇ ಹೋಗುತ್ತಿರಲಿಲ್ಲ, ಜೈಲೂ ಕಾದಿರುತ್ತಿತ್ತು. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ಹನುಮಂತ್ರಾಯ ಅಕ್ಷರ ಬರೆದ ಹಾಳೆಯನ್ನು ಒಲೆಗೆ ಹಾಕಿದ. “ಇನ್ನ ಕನ್ನಡ ಬ್ಯಾಡ್ರಿ ಅಯ್ಯನೋರ,” ಎಂದು ಬಡಿದ. “ಆತು ತಮ್ಮಾ,” ಎಂದು ಬಂತು.

೧೯೭೬ರ ಮಾರ್ಚಿನಲ್ಲಿ ಆ ಅರ್ಜಿಯ ತನಿಖೆಗೆಂದು ತಾರು ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬ ದೇವದುರ್ಗಕ್ಕೆ ಬಂದು ಹನುಮಂತ್ರಾಯನ ಪಕ್ಕಕ್ಕೇ ಕುರ್ಚಿ ಹಾಕಿಕೊಂಡು ಕೂತ. ಎರಡನೆಯ ದಿನ, ಮಧ್ಯಾಹ್ನ ಎರಡೂವರೆ. ಮೇಜಿನ ಮೇಲೆ ಟಕಟಕ ಶುರುವಾಯಿತು. ಶರಣಯ್ಯನ ಬೆರಳೇ, ಆದರೆ ತಡವರಿಸುತ್ತಿತ್ತು. ಬಂದದ್ದು ಕನ್ನಡ.

“ತಮ್ಮಾ. ಎದಿ ಹಿಡದದ. ಒಬ್ಬನ ಅದೀನಿ. ಹುಲಿಗೆಪ್ಪ ಹಿರೇಕೊಟ್ನೆಕಲ್ಲಿಗೆ ತಾರು ಕೊಡಾಕ ಹೋಗ್ಯಾನ. ಯಾರನ್ನರ ಕಳಸು.”

ಅಂಥ ನೋವಿನಲ್ಲಿ ಇಂಗ್ಲಿಷ್ ಯಾರಿಗೆ ನೆನಪಾಗುತ್ತದೆ? ರಾಯಚೂರಿನ ಮೇಜಿನ ಮೇಲೂ ಅದೇ ಸದ್ದು ಕೇಳಿಸುತ್ತಿತ್ತು, ಆದರೆ ಅಲ್ಲಿ ಯಾರಿಗೂ ಅದು ಮಾತಲ್ಲ. ಹನುಮಂತ್ರಾಯ ರಾಯಚೂರಿಗೆ ಒಂದು ಸಾಲು ಬಡಿದರೆ ಸಾಕಿತ್ತು, ಅವರು ಮಾನ್ವಿಯ ದವಾಖಾನೆಗೆ ಫೋನ್ ಮಾಡುತ್ತಿದ್ದರು.

“ಏನಿದು? ಏನ್ ಬಡ್ಯಾಕತ್ತದ?” ಎಂದ ಸಾಹೇಬ.

ಅಯ್ಯನೋರು ಸಾಯುತ್ತಿದ್ದಾರೆ ಎಂದರೆ, ಅದು ನಿನಗೆ ಹೇಗೆ ತಿಳಿಯಿತು ಎಂಬುದೇ ಮುಂದಿನ ಪ್ರಶ್ನೆ. ಅಲ್ಲಿಗೆ ಇಬ್ಬರಿಗೂ ಬೇಡಿ.

“ಲೈನ್ ಗಡಬಡ ಅದರೀ ಸಾಹೇಬ್ರ. ಗಾಳಿಗಿ ತಂತಿ ತಾಗ್ತಾವ.”

ಗಾಳಿಯಂತೆ ಗಾಳಿ! ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಸಾಹೇಬ ಅದನ್ನೇ ಬರೆದುಕೊಂಡ.

“ಕೇಳಾಕತ್ತೀಯೇನೋ ತಮ್ಮಾ?” ಎಂದಿತು ಟಕಟಕ.

ಮೂರಕ್ಕೆ ಸಾಹೇಬ ಚಹಾಕ್ಕೆ ಎದ್ದು ಹೋಗುತ್ತಾನೆ, ಆಗ ಬಡಿದರಾಯಿತು ಎಂದುಕೊಂಡ ಹನುಮಂತ್ರಾಯ. ಅವತ್ತು ಚಹಾ ಒಳಗೇ ಬಂತು. ಸಾಹೇಬ ಸಾಸರಿಗೆ ಸುರಿದುಕೊಂಡು ನಿಧಾನವಾಗಿ ಕುಡಿದ. ಮೂರೂಕಾಲಿಗೆ “ತಮ್ಮಾ” ಎಂದು ಮತ್ತೊಮ್ಮೆ ಬಂತು. ಆಮೇಲೆ ಏನೂ ಬರಲಿಲ್ಲ.

ನಾಲ್ಕಕ್ಕೆ ಸಾಹೇಬ ಹಿತ್ತಲಿಗೆ ಹೋದ. ಹನುಮಂತ್ರಾಯ ಕೀ ಮೇಲೆ ಬಿದ್ದ. ಮಾನ್ವಿ ಉತ್ತರ ಕೊಡುತ್ತಿಲ್ಲ, ಬಾಬುವಿಗೆ ಏನಾಗಿದೆಯೋ, ಕೂಡಲೇ ಯಾರನ್ನಾದರೂ ಕಳಿಸಿ ಎಂದು ರಾಯಚೂರಿಗೆ ಇಂಗ್ಲಿಷಿನಲ್ಲಿ ಬಡಿದ. ರಾಯಚೂರು ಒಂದು ಮಾತೂ ಕೇಳದೆ ಒಪ್ಪಿಕೊಂಡಿತು. ಆಗ ಅವನಿಗೆ ಹೊಳೆಯಿತು: ಇದೇ ಮಾತನ್ನು ಎರಡೂವರೆಗೆ ಸಾಹೇಬನ ಎದುರಿಗೇ ಬಡಿಯಬಹುದಿತ್ತಲ್ಲ! ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದೂವರೆ ತಾಸು ಅವನ ಬಾಯಿ ಕಟ್ಟಿದ್ದು ಸಾಹೇಬನಲ್ಲ, ಅವನದೇ ಹೆದರಿಕೆ. ಹಾಳಾಗಿ ಹೋಗಲಿ ಇಂಥ ಜೀವ ಎಂದು ಹಣೆ ಹಣೆ ಬಡಿದುಕೊಂಡ.

ಮರುದಿನ ಸಿರವಾರದ ಬಸ್ಸು ಹಿಡಿದು ಮಾನ್ವಿಗೆ ಹೋದ. ಶರಣಯ್ಯನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಹನುಮಂತ್ರಾಯ ಎತ್ತರದ ಆಳೆಂದುಕೊಂಡಿದ್ದ; ಇದ್ದವನು ಗಿಡ್ಡ ಮನುಷ್ಯ.

ಕಚೇರಿಯ ಜವಾನ ಹುಲಿಗೆಪ್ಪ ಹತ್ತಿರ ಬಂದ. “ನಾ ಬರೂದ್ರಾಗ ಆಗಿಹೋಗಿತ್ರಿ. ಬಟ್ಟು ಕೀ ಮ್ಯಾಲೇ ಇತ್ತು.”

ಒಳಗಿಂದ ಶರಣಯ್ಯನ ಅಕ್ಕ ಚನ್ನಮಲ್ಲಮ್ಮ ಗೋಡೆ ಹಿಡಿದುಕೊಂಡು ಬಂದಳು. “ನೀನ ಏನಪ್ಪಾ ದೇವದುರ್ಗದ ತಮ್ಮ? ಮನಿಗಿ ಬಂದ್ರ ನಿಂದ ಸುದ್ದಿ ಹೇಳ್ತಿದ್ದ. ಕೀ ಮ್ಯಾಲ ಕೈ ಇತ್ತಂದ್ರ ನಿನ್ನ ಕರದಿರಬೇಕು. ನಿನಗೇನರ ಕೇಳಿಸ್ತೇನಪ್ಪಾ?”

“ಇಲ್ಲ ಯವ್ವಾ,” ಎಂದ ಹನುಮಂತ್ರಾಯ. “ಲೈನ್ ಕೆಟ್ಟಿತ್ತು.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮುಖಕ್ಕೆ ಎಷ್ಟೋ ಸಮಾಧಾನ ಬಂದಿತ್ತು. “ನಾನೂ ಇವರಿಗಿ ಅದನ್ನ ಅಂದೆ. ಕೇಳಿಸಿದ್ರ ಅಂವ ಸುಮ್ನ ಕುಂದ್ರಾಂವಲ್ಲ ಅಂದೆ.”

ತಮ್ಮನ ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಅವಳು ಹನುಮಂತ್ರಾಯನ ಹಣೆಗೆ ಕೈ ಚಾಚಿದಳು. ಅವನು ತಲೆ ಬಗ್ಗಿಸಿ ಹಚ್ಚಿಸಿಕೊಂಡ.